ಆಟದಲ್ಲಿ ಎಲ್ಲೂ ಬಾರದ ಗೊಂಬೆ

ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ. ಅವೆರಡರಲ್ಲಿ ಒಂದಾಗಿದ್ದರೆ ಅವ್ವನಿಗೆ ನೆಂಟರ ಮುಂದೆ ಹೇಳಿಕೊಂಡು ಅಳುವುದಕ್ಕಾದರೂ ಅನುಕೂಲವಾಗುತ್ತಿತ್ತು. ಹಳೆಯ ವಿಡಿಯೋ ಗೇಮುಗಳ ಹೊಟ್ಟೆ ಬಗೆದು ನೋಡುವುದು ನನ್ನ ಚಟ. ಆಟ ಮಾಡಿದವರು ತಮ್ಮ ಪರೀಕ್ಷೆಗೆಂದು ಅದರೊಳಗೆ ಗುಟ್ಟಿನ ಪುಟಗಳನ್ನು ಇಟ್ಟುಕೊಂಡಿರುತ್ತಾರೆ. ಯಾವ ಹಂತಕ್ಕೆ ಬೇಕಾದರೂ ಜಿಗಿಯಲು ಒಂದು, ಆಟದ ಗೊಂಬೆಗಳನ್ನೆಲ್ಲ ಒಂದೊಂದಾಗಿ ನೋಡಲು ಇನ್ನೊಂದು. ಆಟ ಪೇಟೆಗೆ ಬರುವಾಗ ಅವುಗಳನ್ನು ಕಿತ್ತುಹಾಕುವ ತೊಂದರೆ ತೆಗೆದುಕೊಳ್ಳದೆ ಬಾಗಿಲು ಮುಚ್ಚಿ ಸುಮ್ಮನಾಗುತ್ತಾರೆ. ಯಾವ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಆ ಬಾಗಿಲು ತೆರೆಯುತ್ತದೆ ಎಂದು ಹುಡುಕುತ್ತ ಕೂರುವ ನನ್ನಂಥವರು ಲೋಕದ ತುಂಬ ಇದ್ದಾರೆ.

ಹಾಗೆಂದು ನಾನು ಕೆಲಸವಿಲ್ಲದವನಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ದಿನಾ ಬಸ್ಸಿನಲ್ಲಿ ಹೋಗಿ, ಒಂದು ಕಚೇರಿಯಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಕೆಲವು ವರ್ಷಗಳಿಂದ ನನಗೆ ಯಾವುದೂ ಅಷ್ಟಾಗಿ ತಟ್ಟುವುದಿಲ್ಲ. ಮದುವೆಗೆ ಹೋದರೂ ಅಷ್ಟೇ, ಮಣ್ಣಿಗೆ ಹೋದರೂ ಅಷ್ಟೇ. ಗುಟ್ಟಿನ ಪುಟವೊಂದು ತೆರೆದುಕೊಂಡಾಗ ಮಾತ್ರ ಒಳಗೆ ಸಣ್ಣಗೆ ಏನೋ ಅಲುಗಾಡುತ್ತಿತ್ತು.

ಕಚೇರಿಯ ಎದುರಿಗೆ ಒಂದು ಬೈಕ್ ಗ್ಯಾರೇಜಿದೆ. ಅದನ್ನು ನಡೆಸುವವನ ತಂದೆಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವರು ಚಳ್ಳಕೆರೆ ಪೇಟೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವರು, ಟಿವಿಗೆ ಸಿಕ್ಕಿಸಿ ಆಡುವ ಗೇಮಿನ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದವರು. ನಮ್ಮ ಓಣಿಯ ಮಕ್ಕಳಿಗೆಲ್ಲ ಅವರು ಚಾಚಾ. ಈಗ ಚಾಚಿ ಇಲ್ಲ, ಚಾಚಾನ ಕಣ್ಣು ಮಂಜಾಗಿದೆ, ಮಗ ಸೊಸೆಯ ಜೊತೆ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಇದ್ದಾರೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಇಂಥದೇ ಒಂದು ಪುಟ ನೋಡುತ್ತಿದ್ದೆ. ಚಾಚಾ ಮೊಬೈಲನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

"ಇದು ನಂಗೆ ಗೊತ್ತೈತೆ ಬೇಟಾ. ಇಂಥಾದ್ದೊಂದು ನಾನೂ ಕಂಡುಹಿಡ್ದಿದ್ದೆ" ಎಂದರು.

ವಯಸ್ಸಾದವರ ಮಾತು ಎಂದುಕೊಂಡೆ. ಆದರೆ ಅವರು ಹೇಳುತ್ತ ಹೋದ ಹಾಗೆ ನನ್ನ ಚಹಾ ಆರಿಹೋಯಿತು. ರಿಪೇರಿಗೆ ಬಂದ ಗೇಮೊಂದರಲ್ಲಿ ಎರಡು ಗುಂಡಿಗಳು ಒಳಕ್ಕೆ ಸಿಕ್ಕಿಕೊಂಡಿದ್ದವಂತೆ. ಹಾಗೇ ಕರೆಂಟು ಕೊಟ್ಟಾಗ ಆಟದ ಬದಲು ಗೊಂಬೆಗಳ ಪುಟ ಬಂತು. ಒಂದೊಂದೇ ಗೊಂಬೆ ಬಂದು ನಿಂತು ಹೋಗುತ್ತಿತ್ತು. ಕಡೆಯದೊಂದು ಆಟದಲ್ಲಿ ಎಲ್ಲೂ ಬಾರದ ಗೊಂಬೆ.

"ಮೊದ್ಲು ಮಾಡಿ, ಆಮೇಲೆ ಬ್ಯಾಡ ಅಂತ ಬಿಟ್ಟವ್ರೆ. ಬೀಗ ಹಾಕಿದ ಮನೆ ಇದ್ದಂಗೆ ಅದು. ಅಲ್ಲಿ ನಾನು ನನ್ ಮಗಳ್ನ ಇಟ್ಟೆ."

ಅವರಿಗೆ ಈಗಿರುವ ಮಗನಿಗಿಂತ ಮುಂಚೆ ಒಬ್ಬಳು ಮಗಳಿದ್ದಳು. ಆರು ವರ್ಷಕ್ಕೆ ಜ್ವರ ಬಂದು ಹೋದಳು. ಆ ಮನೆಯ ಹಿರಿಯರು ಫೋಟೋ ತೆಗೆಸುವುದನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ಮಗುವಿನದು ಒಂದೂ ಫೋಟೋ ಇಲ್ಲ. ಚಾಚಾ ಚೌಕದ ಹಾಳೆಯ ಮೇಲೆ ಚುಕ್ಕಿ ತುಂಬಿ ಅವಳನ್ನು ಬಿಡಿಸಿದರು: ಎರಡು ಜಡೆ, ಫ್ರಾಕು, ಸೊಂಟದ ಮೇಲೆ ಕೈ. ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ ಚಿಪ್ಪಿಗೆ ಬರೆಯುವ ಯಂತ್ರವಿದ್ದ ಪರಿಚಯದವರೊಬ್ಬರ ಹತ್ತಿರ ಹೋಗಿ, ಕ್ಯಾಸೆಟ್ಟಿನ ಚಿತ್ರಗಳ ಚಿಪ್ಪನ್ನು ಬದಲಿಸಿಕೊಂಡು ಬಂದರು. ಆ ಕ್ಯಾಸೆಟ್ಟನ್ನು ಯಾರಿಗೂ ಬಾಡಿಗೆಗೆ ಕೊಡಲಿಲ್ಲ, ಚಾಚಿಗೂ ತೋರಿಸಲಿಲ್ಲ. ಅಂಗಡಿ ಮುಚ್ಚಿದಾಗ ಗೇಮು, ಟಿವಿ ಎಲ್ಲ ಗುಜರಿಗೆ ಹೋದವು, ಕ್ಯಾಸೆಟ್ಟು ತಗಡಿನ ಡಬ್ಬಿಯಲ್ಲಿ ಉಳಿಯಿತು.

"ಈಗೀಗ ಅವ್ಳ ಮುಖ ಸರಿಯಾಗಿ ನೆನಪಿಗೆ ಬರಂಗಿಲ್ಲ. ಕಣ್ಣು ಪೂರ್ತಿ ಹೋಗೋದ್ರಾಗೆ ಒಂದ್ಸಲ ನೋಡ್ಬೇಕು. ನಿನ್ ಕೈಲಿ ಆಗ್ತೈತಾ?"

"ಅದೇನು ದೊಡ್ಡ ಕೆಲ್ಸ ಚಾಚಾ" ಎಂದೆ. ಹಾಗೆ ಹೇಳುವಾಗ ನನಗೆ ಸಂತೋಷವಾಗಿತ್ತು, ನಿಜ ಹೇಳಬೇಕು.

ದೊಡ್ಡ ಕೆಲಸವೇ ಆಗಿತ್ತು. ಅಲ್ಲಿಯವರೆಗೆ ಬೇರೆಯವರು ಹೊರತೆಗೆದು ಇಂಟರ್‌ನೆಟ್ಟಿಗೆ ಹಾಕಿದ ಫೈಲುಗಳನ್ನೇ ಬಗೆದವನು ನಾನು. ಚಿಪ್ಪು ಮುಟ್ಟಿದವನಲ್ಲ. ಚಿಪ್ಪು ಓದುವ ಯಂತ್ರಕ್ಕೆ ಆರ್ಡರ್ ಮಾಡಿ, ಅದು ಬರುವಷ್ಟರಲ್ಲಿ ಚಾಚಾ ಕೊಟ್ಟ ಕ್ಯಾಸೆಟ್ಟನ್ನು ಬಿಚ್ಚಿದೆ. ಒಳಗೆಲ್ಲ ಬೂಷ್ಟು. ಒಂದು ಚಿಪ್ಪಿನ ಮೇಲೆ ಅರ್ಧ ಎದ್ದ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇತ್ತು, ಅದರ ಕೆಳಗೂ ಬೂಷ್ಟು. ಸ್ಟಿಕ್ಕರ್ ಕಿತ್ತು ಸ್ಪಿರಿಟ್ಟಿನಿಂದ ಒರೆಸಿದೆ. ಅಡಿಯಲ್ಲಿ ಪುಟ್ಟ ಗಾಜಿನ ಕಿಟಕಿ ಕಾಣಿಸಿತು. ಎಷ್ಟು ಚೆನ್ನಾಗಿದೆ ಎಂದುಕೊಂಡೆ.

ಅವ್ವ ಬಂದು ಮೂಸಿ ನೋಡಿದಳು. "ತ್ಯಾವ ಹಿಡ್ದೈತೆ ಕಣಪ್ಪಾ. ಮ್ಯಾಗಳ ಬಿಸ್ಲಿಗಿಕ್ಕು, ಸರಿಹೋಗ್ತೈತೆ."

ನಮ್ಮ ಸೀಮೆಯಲ್ಲಿ ಬಿಸಿಲೊಂದಕ್ಕೆ ಬರವಿಲ್ಲ. ಹುಣಸೆಹಣ್ಣು, ಮೆಣಸಿನಕಾಯಿ, ಕೌದಿ, ಒದ್ದೆಯಾದ ಪುಸ್ತಕ, ಬಾಣಂತಿಯ ಕೂಸು, ಏನಿದ್ದರೂ ಮೊದಲು ಬಿಸಿಲಿಗೆ ಹಿಡಿಯುತ್ತೇವೆ. ನಾನೂ ಬಿಚ್ಚಿದ ಕ್ಯಾಸೆಟ್ಟನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತಾರಸಿಯ ಮೇಲೆ ಅವ್ವನ ಸಂಡಿಗೆಯ ಪಕ್ಕದಲ್ಲಿ ಇಟ್ಟೆ. ಯಂತ್ರ ಬರಲು ಹತ್ತು ದಿನ ಹಿಡಿಯಿತು. ಹತ್ತೂ ದಿನ ಅವ್ವ ಬೆಳಿಗ್ಗೆ ತಟ್ಟೆ ಇಟ್ಟು, ನೀರಿನ ಟ್ಯಾಂಕಿನ ನೆರಳು ಬಂದಾಗಲೆಲ್ಲ ಅದನ್ನು ಬಿಸಿಲಿಗೆ ಸರಿಸಿ, ಸಂಜೆ ಜೋಪಾನವಾಗಿ ಕೆಳಗೆ ತಂದಳು. ಅಷ್ಟು ಮುತುವರ್ಜಿಯಿಂದ ಅವಳು ನನ್ನನ್ನೂ ನೋಡಿಕೊಂಡಿಲ್ಲ.

ಯಂತ್ರ ಬಂತು, ಚಿಪ್ಪನ್ನು ಓದಿದೆ. ಮೊದಲಿನಿಂದ ಕಡೆಯವರೆಗೆ ಒಂದೇ ಅಕ್ಷರ. ಪುಟದ ಮೇಲೆ ಪುಟ, ಅದೇ ಅಕ್ಷರ. ಮೂರು ಸಲ ಓದಿದೆ. ನನ್ನಂಥ ಚಟದವರ ಗುಂಪಿನಲ್ಲಿ ಕೇಳಿದಾಗ ಒಬ್ಬ ಉತ್ತರಿಸಿದ: ಆ ಗಾಜಿನ ಕಿಟಕಿ ಇರುವುದೇ ಬೆಳಕಿನಿಂದ ಅಳಿಸುವುದಕ್ಕೆ, ಸ್ಟಿಕ್ಕರ್ ಇರುವುದು ಅಳಿಸದಂತೆ ಕಾಯುವುದಕ್ಕೆ, ಅದನ್ನು ತೆಗೆದು ಹತ್ತು ದಿನ ಬಿಸಿಲಿನಲ್ಲಿಟ್ಟವರು ಯಾರು? ವಿಷಯ ತಿಳಿದ ಸಹೋದ್ಯೋಗಿಯೊಬ್ಬ ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದ. ನಾನು ಚಿಂತಿಸುತ್ತಲೂ ಇರಲಿಲ್ಲ. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಊಟ ಸೇರಿತು, ನಿದ್ದೆ ಬಂತು. ನನಗೆ ನನ್ನ ಮೇಲೆ ಅಸಹ್ಯವಾದದ್ದು ಅದಕ್ಕೆ.

ಚಾಚಾ ದಿನಾ ಕೇಳುತ್ತಿದ್ದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇನ್ನೂ ಓದ್ತೈತೆ, ಹಳೇದಲ್ವಾ, ನಿಧಾನ ಎನ್ನುತ್ತಿದ್ದೆ. ಅವರ ಬಲಗಣ್ಣಿನಲ್ಲಿ ಏನೂ ಕಾಣದ ಹಾಗಾಯಿತು ಎಂದು ಮಗ ಹೇಳಿದ ವಾರವೇ, ಒಂದು ಭಾನುವಾರ ಮಧ್ಯಾಹ್ನ, ನಾನು ಕಂಪ್ಯೂಟರ್ ಮುಂದೆ ಕೂತೆ. ಮೂಲ ಆಟ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಕಡೆಯ ಗೊಂಬೆಯ ಜಾಗವನ್ನು ಹುಡುಕಿ ತೆರವು ಮಾಡಿದೆ. ಚೌಕದ ಹಾಳೆಯ ಹಾಗೆ ಹದಿನಾರು ಮನೆ ಉದ್ದ, ಹದಿನಾರು ಮನೆ ಅಗಲ, ಮೂರೇ ಬಣ್ಣ. ಎರಡು ಜಡೆ, ಫ್ರಾಕು, ಸೊಂಟದ ಮೇಲೆ ಕೈ. ಮುಖ ಹೇಗೆ ಎಂದು ಗೊತ್ತಿರಲಿಲ್ಲ. ಕಣ್ಣಿಗೆ ಒಂದೊಂದು ಮನೆ ಕೊಟ್ಟರೆ ಕಾಣುವುದೇ ಇಲ್ಲವೆಂದು ಎರಡೆರಡು ಕೊಟ್ಟೆ. ಸಂಡಿಗೆ ಮಾಡಿದಷ್ಟು ಹೊತ್ತೂ ಆಗಲಿಲ್ಲ.

ಸೋಮವಾರ ಹೋಗಿ ನಿಜ ಹೇಳಿಬಿಡೋಣ ಎಂದೇ ಹೊರಟಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಇದ್ದೆ. ಗ್ಯಾರೇಜಿನ ಮುಂದೆ ಚಾಚಾ ನನ್ನ ಹೆಜ್ಜೆಯ ಸದ್ದಿಗೇ ಎದ್ದು ನಿಂತು, "ಸಿಕ್ಕಳಾ?" ಎಂದು ಕೇಳಿದರು. ನಾನು ಮೊಬೈಲಿಗೆ ಹಾಕಿಕೊಂಡಿದ್ದ ಆ ಆಟದ ಗೊಂಬೆಗಳ ಪುಟ ತೆರೆದು ಅವರ ಕೈಗೆ ಕೊಟ್ಟೆ.

ಒಂದೊಂದೇ ಗೊಂಬೆ ಬಂದು ನಿಂತು ಹೋಯಿತು. ಕಡೆಯದು ಬಂತು. ಅವರು ಮೊಬೈಲನ್ನು ಎಡಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ಇದು ಅವಳಲ್ಲ ಎನ್ನಲಿ ಎಂದು ನಾನು ಕಾಯುತ್ತಿದ್ದೆ, ಮನಸ್ಸಿನಲ್ಲಿ ಬೇಡಿಕೊಳ್ಳುತ್ತಲೂ ಇದ್ದೆ. ಎಷ್ಟೋ ವರ್ಷಗಳ ಮೇಲೆ ನಾನು ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು.

"ಇವ್ಳೇ" ಎಂದರು. ಮಗನನ್ನೂ ಸೊಸೆಯನ್ನೂ ಕೂಗಿ ಕರೆದರು. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದ ಮಗನಿಗೆ ತೋರಿಸಿದರು. "ನೋಡಲೇ, ನಿಮ್ಮಕ್ಕ."

ಆಮೇಲೆ ನನ್ನ ಭುಜವನ್ನು ಹುಡುಕಿ ಹಿಡಿದುಕೊಂಡರು. "ಇವ್ಳ ಕಣ್ಣು ಇಷ್ಟು ದೊಡ್ಡವಿದ್ವು ಅಂತ ನಂಗೆ ಮರ್ತೇ ಹೋಗಿತ್ತು ನೋಡು ಬೇಟಾ."