ಅಪ್ಪ ಮಾಳಿಗೆ ಏರಿದ ಮಧ್ಯಾಹ್ನ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಕತೆ ಶುರುಮಾಡಿದರೆ ನಾನು ಎದ್ದು ಒಳಗೆ ಹೋಗುವವಳು. ಹುಡುಗಿಯಾಗಿದ್ದಾಗ ನಮ್ಮ ಹಿತ್ತಲಿನ ದೆವ್ವವೊಂದನ್ನು ಕಸಬರಿಗೆಯಿಂದ ಬಾರಿಸಿದ್ದೆ. ಅದು ಪಕ್ಕದ ಮನೆಯ ಕರು. ಅಂಥವಳು ಈ ವಯಸ್ಸಿನಲ್ಲಿ ಇದನ್ನು ಬರೆಯಲು ಕುಳಿತದ್ದಕ್ಕೆ ನನಗೇ ನಾಚಿಕೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಅದು ನಿಜಾಮರ ಕಾಲ. ಎಲ್ಲೋ ದೊಡ್ಡ ಯುದ್ಧ ನಡೆದಿತ್ತು, ನಮಗೆ ಇಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನನಗೆ ಹತ್ತೊಂಬತ್ತು ವರ್ಷ. ಕುಷ್ಟಗಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆಂದು ತಳಕಲ್ಲಿನ ತವರಿಗೆ ಬಂದಿದ್ದೆ. ಮನೆಯಲ್ಲಿ ಅವ್ವ, ಅಪ್ಪ, ಅಪ್ಪನ ತಂಗಿಯಾದ ನನ್ನ ಸೋದರತ್ತೆ, ಮೂವರೇ. ಅಪ್ಪನದು ಬಟ್ಟೆ ಅಂಗಡಿ. ಭಾರೀ ಆಳು, ತಲೆಗೆ ದೊಡ್ಡ ರುಮಾಲು, ಮಾತು ಕಡಿಮೆ. ಊರೆಲ್ಲ ಅವನಿಗೆ ಅಂಜುತ್ತಿತ್ತು, ಅವನು ಮಾತ್ರ ಏಣಿಗೆ ಅಂಜುತ್ತಿದ್ದ. ಸಣ್ಣವನಿದ್ದಾಗ ಒಮ್ಮೆ ಮನೆಯ ಮಣ್ಣಿನ ಮಾಳಿಗೆಯ ಮೇಲಿಂದ ಬಿದ್ದಿದ್ದನಂತೆ. ಅಂದಿನಿಂದ ಏಣಿಯ ಎರಡನೆಯ ಮೆಟ್ಟಿಲು ಕಂಡವನಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವಾಗಲೂ ಅಂಗಳದಲ್ಲಿ ನಿಂತೇ ಕೂಗಾಡುತ್ತಿದ್ದ.

ಎಂಟು ತಿಂಗಳು ತುಂಬಿದಾಗ ಸೂಲಗಿತ್ತಿ ನಿಂಗವ್ವ ಬಂದು ಹೊಟ್ಟೆಗೆ ಎಣ್ಣೆ ಸವರಿ ನೋಡಿದಳು. ಆಮೇಲೆ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವ್ವನ ಕಡೆ ತಿರುಗಿದಳು.

"ಕೂಸು ಕುಂತೈತ್ರಿ. ತಲಿ ಮ್ಯಾಲ, ಕಾಲು ಕೆಳಗ. ಚೊಚ್ಚಲ ಬ್ಯಾರೆ. ಎರಡರಾಗ ಒಂದು ಉಳದ್ರ ದೇವರ ದಯಾ."

ಅವ್ವ ಅಲ್ಲೇ ಕುಸಿದು ಕುಳಿತಳು. ಅಪ್ಪ ಮರುದಿನವೇ ನನ್ನನ್ನು ರೈಲಿನಲ್ಲಿ ಕೊಪ್ಪಳದ ದವಾಖಾನೆಗೆ ಕರೆದೊಯ್ದ. ಅಲ್ಲಿನ ಡಾಕ್ಟರರೂ ನೋಡಿ ಅದನ್ನೇ ಹೇಳಿದರು, ಉರ್ದುವಿನಲ್ಲಿ ಹೇಳಿದರು ಅಷ್ಟೆ.

ಅಂದಿನಿಂದ ನಮ್ಮ ಮನೆ ಸತ್ತವರ ಮನೆಯಾಯಿತು. ಅವ್ವ ಅಳುತ್ತ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಹರಕೆ ಹೊರತೊಡಗಿದಳು. ಹರಕೆ ಅವಳದು, ತೀರಿಸಬೇಕಾದವಳು ನಾನು! ಹುಲಿಗಿಯ ಅಮ್ಮನ ಗುಡಿಗೆ ಬರಿಗಾಲಲ್ಲಿ ನಾನು ನಡೆಯಬೇಕು. ಐದು ವರ್ಷ ನಾನು ಬದನೆಕಾಯಿ ಮುಟ್ಟಬಾರದು. ದರ್ಗಾಕ್ಕೆ ನಾನು ಸಕ್ಕರೆ ಓದಿಸಬೇಕು. ತಲೆಗೂದಲಿನ ಮಾತು ಬಂದಾಗ ನಾನು ಸಿಟ್ಟಿಗೆದ್ದೆ. "ಅತ್ತಿ, ಒಂದರೆ ನಿನ್ನ ಮೈಮ್ಯಾಲೆ ಹೊತ್ಗೊ" ಎಂದೆ. ಬಾಯಿ ಹಾಗೆ ಅಂದರೂ ಒಳಗೆ ನಾನು ಸತ್ತೇ ಹೋಗಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇಬ್ಬರಲ್ಲಿ ಯಾರು ಎಂದು ಯೋಚಿಸುತ್ತ ಎಷ್ಟೋ ಹೊತ್ತು ಕುಳಿತಿರುತ್ತಿದ್ದೆ.

ಅಂಥದೇ ಒಂದು ಮಟಮಟ ಮಧ್ಯಾಹ್ನ. ಒಳಗೆ ಎಲ್ಲರೂ ಮಲಗಿದ್ದರು. ನಾನು ಪಡಸಾಲೆಯಲ್ಲಿ ಒಬ್ಬಳೇ ಇದ್ದೆ. ಬಳೆ ಮಾರುವ ಒಬ್ಬ ಮುದುಕಿ ಹೆಗಲ ಮೇಲಿನ ಬಳೆಗಳ ಮಲಾರ ಇಳಿಸಿ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದಳು. ಕೊಟ್ಟೆ. ನನ್ನ ಕೈತುಂಬ ಕುಬಸದ, ಅಂದರೆ ಸೀಮಂತದ, ಹಸಿರು ಬಳೆ ಇದ್ದವು. ಬೇಡವೆಂದರೂ ನನ್ನ ಕೈ ಹಿಡಿದು, ಬಳೆಗಾರರು ಅದುಮುತ್ತಾರಲ್ಲ, ಹಾಗೆ ಎಲುಬು ಅದುಮಿ ನೋಡಿದಳು.

"ಯಾಕ ಬೇಟಿ, ಮಾರಿ ಸಣ್ಣದು ಮಾಡೀದಿ? ಫಿಕರ್ ಮಾಡಬ್ಯಾಡ. ಕೂಸು ಕಾಲು ಮುಂದ ಮಾಡೇ ಬರ್ತೈತಿ, ಛಲೋ ಬರ್ತೈತಿ. ನಿಮ್ಮಪ್ಪ ತಲಿಮ್ಯಾಲೆ ಬುಟ್ಟಿ ಹಾಕ್ಕೊಂಡು ಮಾಳಿಗಿ ಮ್ಯಾಲೆ ನಿಂತಾಗ ಹುಟ್ಟತೈತಿ. ಅಲ್ಲೀತನಕ ಏನೂ ಆಗಾಂಗಿಲ್ಲ."

ನಮ್ಮಪ್ಪ! ಮಾಳಿಗೆ! ಬುಟ್ಟಿ! ನನಗೆ ನಗು ಉಕ್ಕಿಬಂತು. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ. ಅವಳಿಗೆ ಒಂದು ಚೂರು ಬೆಲ್ಲ ತರೋಣವೆಂದು ಒಳಗೆ ಹೋಗಿ ಬಂದೆ. ಕಟ್ಟೆ ಖಾಲಿ. ನಮ್ಮ ಓಣಿ ಉದ್ದಕ್ಕೆ ನೇರವಾಗಿದೆ, ಮಲಾರ ಹೊತ್ತ ಮುದುಕಿ ಅಷ್ಟರಲ್ಲಿ ದಾಟಿ ಹೋಗುವಂಥದಲ್ಲ. ಬಿಸಿಲಲ್ಲಿ ಒಂದು ನಾಯಿ ಮಲಗಿತ್ತು. ಆ ಮೇಲಿನ ವಾರ ನಮ್ಮೂರಿಗೆ ಬರುವ ಬಳೆಗಾರನನ್ನು ಕೇಳಿದರೆ, "ಈ ಕಡಿಗೆ ನನ್ನ ಬಿಟ್ಟು ಯಾರೂ ಬರಾಂಗಿಲ್ರೀ ಅಕ್ಕಾರ" ಎಂದ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವ ಆ ಕ್ಷಣವೇ ಅಪ್ಪನ ತಲೆಗೆ ಬುಟ್ಟಿ ಹಾಕಿ ಮಾಳಿಗೆ ಹತ್ತಿಸಿ, ತಿಂಗಳುಗಟ್ಟಲೆ ಅಲ್ಲೇ ಊಟ ಕಳಿಸುತ್ತಿದ್ದಳು. ಆದರೆ ನನ್ನ ಅಂಜಿಕೆ ಹೋಗಿಬಿಟ್ಟಿತು. ಹೇಗೆ ಹೋಯಿತೋ ತಿಳಿಯದು, ಹೋದದ್ದಂತೂ ನಿಜ. ಹೊಟ್ಟೆತುಂಬ ಉಂಡೆ, ಕಣ್ತುಂಬ ಮಲಗಿದೆ. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಪುಂಡಿಪಲ್ಲೆ ಕೇಳಿದಾಗ ಅತ್ತೆ ಅವ್ವನ ಕಿವಿಯಲ್ಲಿ, "ವೈನಿ, ಇದು ಛಲೋ ಲಕ್ಷಣ ಅಲ್ಲ" ಎಂದದ್ದು ನನಗೆ ಕೇಳಿಸಿತು. ನನಗೆ ಏನೋ ಬಡಿದಿದೆ ಎಂದುಕೊಂಡು ಇಬ್ಬರೂ ಸೇರಿ ಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಕೆಮ್ಮಿ ಕೆಮ್ಮಿ ನನ್ನ ಹೊಟ್ಟೆ ನೋಯಿತು.

ದಿನ ತುಂಬಿ ಒಂದು ಬೆಳಗಿನ ಜಾವ ಬ್ಯಾನೆ ಶುರುವಾಯಿತು. ನಿಂಗವ್ವ ಬಂದಳು. ಮಧ್ಯಾಹ್ನವಾದರೂ ಕೂಸು ಮಿಸುಕಲಿಲ್ಲ. ಪ್ರತಿ ಬ್ಯಾನೆ ಇಳಿದಾಗಲೂ ನಾನು ಕೇಳುತ್ತಿದ್ದುದು ಒಂದೇ ಮಾತು, "ಅಪ್ಪ ಎಲ್ಲಿ ಅದಾನ?"

"ಕಟ್ಟಿಮ್ಯಾಲೆ ಕುಂತಾನವ್ವ" ಎಂದು ಅವ್ವ ಅಳುತ್ತಿದ್ದಳು.

"ಹಂಗಾರ ಇನ್ನೂ ಹೊತ್ತೈತಿ" ಎಂದು ನಾನು ಆರಾಮವಾಗಿ ಉಸಿರು ಬಿಡುತ್ತಿದ್ದೆ. ನಾನು ಕೊನೆಯದಾಗಿ ಅಪ್ಪನ ಮುಖ ನೋಡಬಯಸಿದ್ದೇನೆ ಎಂದು ತಿಳಿದು ಮೂವರೂ ಒಟ್ಟಿಗೆ ಅತ್ತರು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಹೆರಿಗೆ ತಡೆದರೆ ಮನೆಯಲ್ಲಿ ಮುಚ್ಚಿದ್ದನ್ನೆಲ್ಲ ತೆರೆಯಬೇಕು, ಕಟ್ಟಿದ್ದನ್ನೆಲ್ಲ ಬಿಚ್ಚಬೇಕು. ಆಗ ಕೂಸಿನ ದಾರಿಯೂ ತೆರೆಯುತ್ತದೆ ಎಂದು ನಂಬಿಕೆ. ಅತ್ತೆ ಸೆರಗು ಸಿಕ್ಕಿಸಿ ಹೊರಟಳು. ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಜೋಳ ತುಂಬಿದ ನೆಲದ ಹಗೇವಿನ ಬಾಯಿ, ಅಪ್ಪನ ಅಂಗಡಿಯ ಬೀಗ, ಎಲ್ಲ ತೆರೆದಳು. ಆಕಳ ಕಣ್ಣಿ ಬಿಚ್ಚಿದಳು, ಅದು ಓಣಿ ಹಿಡಿದು ಹೋಯಿತು. ಕರು ಅದರ ಹಿಂದೆ ಓಡಿತು. ಬೆಕ್ಕು ಹಾಲಿಗೆ ಬಾಯಿ ಹಾಕಿತು. ಕಡೆಗೆ ಅಪ್ಪನ ರುಮಾಲನ್ನೂ ಬಿಚ್ಚಿಸಿದಳು. ಊರು ಅಂಜುವ ಮನುಷ್ಯ ಬೋಳುತಲೆಯಲ್ಲಿ, ಅಂಗಿಯ ಗುಂಡಿ ಬಿಚ್ಚಿಕೊಂಡು, ಕಟ್ಟೆಯ ಮೇಲೆ ಕುಳಿತಿದ್ದನಂತೆ. ಆದರೂ ಕೂಸು ಬರಲಿಲ್ಲ. ನಿಂಗವ್ವನ ಮುಖ ಕಪ್ಪಿಟ್ಟಿತು. ನನ್ನ ಬಾಯಿಗೆ ಹಳೆಯ ಬಟ್ಟೆಯ ಉಂಡೆ ತುರುಕಿ, "ಕಚ್ಚಿ ಹಿಡಿ" ಎಂದಳು. ನಿಜ ಹೇಳುತ್ತೇನೆ, ಆಗ ನನ್ನ ಧೈರ್ಯವೂ ಅಲ್ಲಾಡಿತು.

ಆಗ ತಲೆಯ ಮೇಲೆ ದಡಬಡ ಸದ್ದು. ಮುಖದ ಮೇಲೆ ಮಣ್ಣು ಉದುರಿತು. ಆ ಕತ್ತಲೆ ಕೋಣೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹಿಂದಿನ ಮಳೆಗಾಲದಲ್ಲಿ ಅದರ ಮೇಲೆ ಸೆಗಣಿ ಬಳಿದ ಬುಟ್ಟಿ ಕವುಚಿ ಮುಚ್ಚಿದ್ದರು, ಅದು ಅಲ್ಲಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಈಗ ಅದು ಸರಿಯಿತು. ಮೇಲಿಂದ ಬೆಳಕು ಸುರಿಯಿತು. ಆ ಬೆಳಕಿನಲ್ಲಿ ನಮ್ಮಪ್ಪ! ಬೋಳುತಲೆಗೆ ಬಿಸಿಲು ತಾಗುತ್ತದೆಂದು ತೆಗೆದ ಬುಟ್ಟಿಯನ್ನೇ ತಲೆಗೆ ಹಾಕಿಕೊಂಡಿದ್ದ. ಒಳಗೆ ನೋಡಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಬಾಯಲ್ಲಿ ಬಟ್ಟೆ ಇದ್ದಂತೆಯೇ ನನಗೆ ನಗು ಬಂತು. ತಡೆಯಲಾಗದ ನಗು. ಆ ನಗುವಿನ ರಭಸಕ್ಕೆ ಮಗಳು ಕಾಲು ಮುಂದೆ ಮಾಡಿ ಬಂದೇಬಿಟ್ಟಳು, ಅಳುತ್ತ, ಗಟ್ಟಿಮುಟ್ಟಾಗಿ.

ಅಪ್ಪನನ್ನು ಕೆಳಗಿಳಿಸಲು ನಾಲ್ಕು ಜನ ಬೇಕಾಯಿತು. ಇಳಿಯುವಾಗ ಸೊಂಟ ಉಳುಕಿಸಿಕೊಂಡ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ನೋವು ಹೋಗುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಅವ್ವ ಮೂರು ದಿನದ ಕೂಸಿನ ಪಾದವನ್ನು ಅಜ್ಜನ ಸೊಂಟಕ್ಕೆ ಒತ್ತಿದಳು. ಕಡಿಮೆಯಾಯಿತೆಂದು ಅಪ್ಪ ಹೇಳಿದ. ಮುಂದೆ ನನ್ನ ಮಗಳು ಅರ್ಧ ಊರಿನ ಬೆನ್ನು ತುಳಿಯುತ್ತಲೇ ಬೆಳೆದಳು.

ಅಂಜಿಕೆ ಇಲ್ಲದ ಮೈ ಹೆರಿಗೆಗೆ ಸಡಿಲಾಗುತ್ತದೆ ಎಂದು ಆಮೇಲೆ ಒಬ್ಬ ಡಾಕ್ಟರಮ್ಮ ನನಗೆ ತಿಳಿಸಿ ಹೇಳಿದ್ದಾರೆ. ಒಪ್ಪಿದೆ. ಮುದುಕಿ ಯಾವುದೋ ದೂರದೂರಿನವಳು ಇದ್ದಾಳು, ಅದನ್ನೂ ಒಪ್ಪಿದೆ. ಆದರೆ ಅಪ್ಪ?

ಎಷ್ಟೋ ವರ್ಷಗಳ ಮೇಲೆ ಊಟಕ್ಕೆ ಕುಳಿತಾಗ ಆ ದಿನದ ಮಾತು ಬಂತು. ಬೆಳಕಿಂಡಿಯ ನೆನಪು ಕೊಟ್ಟವಳು ಅತ್ತೆ ಎಂದು ಅವ್ವ ತಿಳಿದಿದ್ದಳು. ಅವ್ವ ಎಂದು ಅತ್ತೆ ತಿಳಿದಿದ್ದಳು. ಇಬ್ಬರೂ ಅಲ್ಲವೆಂದರು. ನಿಂಗವ್ವನಿಗೆ ಆ ಕೋಣೆಗೆ ಬೆಳಕಿಂಡಿ ಇರುವುದೇ ಗೊತ್ತಿರಲಿಲ್ಲ. ಅಪ್ಪ ತಲೆಯೆತ್ತದೆ ಮಜ್ಜಿಗೆ ಕಲಸುತ್ತ ಹೇಳಿದ, "ಇಕೀನ ಕೂಗಿದ್ಲು. 'ಅಪ್ಪಾ, ಬೆಳಕಿಂಡಿ ಉಳದೈತಿ, ಲಗೂನ ಬಾ' ಅಂತ. ಎರಡು ಸಲ ಕೂಗಿದ್ಲು."

"ನಾನೇನೂ ಕೂಗಿಲ್ಲ. ಬಾಯಾಗ ಬಟ್ಟಿ ಇತ್ತು" ಎಂದೆ. ಅವ್ವನೂ ಅತ್ತೆಯೂ ಹೌದೆಂದರು.

ಅಪ್ಪ ಊಟ ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ನಿಜಕ್ಕೂ ನೋವಾಗಿತ್ತು.

"ಏಣಿ ಕಂಡ್ರ ಕೈಕಾಲು ನಡಗತಾವ ನನಗ. ಬ್ಯಾರೆ ಯಾರು ಕರದಿದ್ರೂ ಹತ್ತತಿದ್ದಿಲ್ಲ. ನನ್ನ ಮಗಳ ದನಿ ನನಗ ಗೊತ್ತಾಗಾಂಗಿಲ್ಲೇನು?"

ನಾನು ಅವನ ಎಲೆಗೆ ಇನ್ನಷ್ಟು ಮಜ್ಜಿಗೆ ಹಾಕಿದೆ. ಅಪ್ಪ ಹೋಗಿ ಬಹಳ ಕಾಲವಾಯಿತು, ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.