ಬಟ್ಟೆ ತುಳಿದವರ ಕುಲನಾಮ

ದೋಹಾದ ನಮ್ಮ ಆಫೀಸಿನ ಮ್ಯಾನೇಜರು ಇಂಗ್ಲೆಂಡಿನವರು. ಅವರ ಕುಲನಾಮವನ್ನು ಇಲ್ಲಿ ಬರೆಯುವುದಿಲ್ಲ, ಅರ್ಥ ಹೇಳಿದರೆ ಸಾಕು. ಬಟ್ಟೆ ತುಳಿಯುವವನು ಎಂದು ಅರ್ಥ. ಯಂತ್ರ ಬರುವ ಮೊದಲು ಅವರ ದೇಶದಲ್ಲಿ ಹೊಸದಾಗಿ ನೇಯ್ದ ಉಣ್ಣೆಬಟ್ಟೆಯನ್ನು ತೊಟ್ಟಿಗೆ ಹಾಕಿ, ಒಬ್ಬ ಅದರ ಮೇಲೆ ನಿಂತು ಗಂಟೆಗಟ್ಟಲೆ ತುಳಿಯಬೇಕಿತ್ತಂತೆ. ಜಿಡ್ಡು ಬಿಡಲಿಕ್ಕೆ ಜೇಡಿಮಣ್ಣು, ಹಳೆಯ ಮೂತ್ರ. ಒಂದೇ ಹೆಸರಿನವರು ಊರಲ್ಲಿ ನಾಲ್ಕು ಜನ ಇದ್ದಾಗ ಗುರುತಿಗೆಂದು ಕಸುಬನ್ನು ಹೆಸರಿನ ಬಾಲಕ್ಕೆ ಕಟ್ಟಿದರು. ಕಸುಬು ಹೋಯಿತು, ಬಾಲ ಉಳಿಯಿತು. ಇದನ್ನೆಲ್ಲ ಅಚ್ಚು ಹಾಕಿಸಿದ ಚೌಕಟ್ಟೊಂದು, ಮೇಲೊಂದು ಸಿಂಹದ ಲಾಂಛನದ ಜೊತೆ, ಅವರ ಕುರ್ಚಿಯ ಹಿಂದೆ ತೂಗುತ್ತಿತ್ತು.

ಹೊಸಬರು ಬಂದರೆ ಸಾಕು, ಅದನ್ನು ತೋರಿಸಿ, "ನಮ್ಮ ಅಜ್ಜಂದಿರು ಉಚ್ಚೆಯಲ್ಲಿ ನಿಂತು ದುಡಿದವರು" ಎಂದು ನಗುತ್ತಿದ್ದರು. ಬಂದವರೂ ನಗುತ್ತಿದ್ದರು, ನಗುತ್ತಲೇ ಇನ್ನಷ್ಟು ಬಗ್ಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನನ್ನ ಅಮ್ಮ ಉಡುಪಿ ಕಡೆಯ ಒಂದು ಹಳ್ಳಿಯಲ್ಲಿ ಮಡಿವಾಳ್ತಿ. ಊರವರ ಬಟ್ಟೆ ಒಗೆದು ಒಗೆದು ಅವಳ ಬೆರಳ ಸಂದುಗಳು ವರ್ಷವಿಡೀ ಬಿಳಿಚಿಕೊಂಡಿರುತ್ತಿದ್ದವು. ಅದಕ್ಕೆ ಯಾರೂ ಚೌಕಟ್ಟು ಹಾಕಿಸಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಬೇಕೇಬೇಕು ಎಂದರು, ನಾನು ಊರಿನ ಹೆಸರು ಬರೆಸಿದೆ. ಊರಿನ ಹೆಸರು ಜಾತಿ ಹೇಳುವುದಿಲ್ಲ.

ನನ್ನ ಪಕ್ಕದ ಮೇಜಿನ ಸರ್ವೇಯರು ಮಂಗಳೂರು ಕಡೆಯವರು, ದೊಡ್ಡ ಗದ್ದೆ-ಮನೆಯ ಕುಟುಂಬ. ಅಲ್ ಮುಂತಜಾ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟ ನನಗೆ ಖಾಯಂ. ಬಿನ್ ಒಮ್ರಾನಿನ ಬ್ಯಾಚುಲರ್ ರೂಮಿನಲ್ಲಿ ಒಣ ಕುಬ್ಬೂಸ್ ರೊಟ್ಟಿ ಹರಿದು ತಿನ್ನುತ್ತಿದ್ದವನಿಗೆ ಅವರ ಹೆಂಡತಿ ಕೈಯಾರೆ ಬಡಿಸುವ ಮೀನುಸಾರು ಅಂದರೆ ಹೇಳಬೇಕೆ! ಎರಡು ವರ್ಷ ಉಂಡೆ. ಅವರು ಜಾತಿ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ದೇಶದಲ್ಲಿ ನನ್ನದು ಅನ್ನುವಂಥ ಮನೆ ಅದೊಂದೇ.

ಅವರಿಗೆ ಮಗು ಹುಟ್ಟಿತು. ಬಾಣಂತನಕ್ಕೆ ಸರ್ವೇಯರ ತಾಯಿ ವಿಸಿಟ್ ವೀಸಾದಲ್ಲಿ ಬಂದರು. ನಮ್ಮ ಕಡೆ ಮಗು ಹುಟ್ಟಿದ ಮನೆಗೆ ಅಮೆ, ಅಂದರೆ ಹೆರಿಗೆಯ ಮೈಲಿಗೆ. ಮಡಿವಾಳ್ತಿ ಒಗೆದು ತಂದ ಬಟ್ಟೆಯನ್ನು ಬಾಣಂತಿ ಉಟ್ಟರೆ ಮಾತ್ರ ಅದು ಕಳೆಯುತ್ತದೆ. ಅಜ್ಜಿಗೆ ಅದೇ ಚಿಂತೆ.

"ರಸ್ತೆಗೆ ಹತ್ತು ಲಾಂಡ್ರಿ ಉಂಟು, ಒಬ್ಬ ಮಡಿವಾಳ್ತಿ ಇಲ್ವಲ್ಲ ಈ ಊರಲ್ಲಿ!"

"ಡ್ರೈಕ್ಲೀನ್ ಮಾಡಿಸಿ ತರ್ತೇನಮ್ಮ, ಖಲಾಸ್" ಎಂದರು ಸರ್ವೇಯರು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಮರುದಿನ ಆಫೀಸಿನಲ್ಲಿ ಮ್ಯಾನೇಜರು ಡ್ರಾಯಿಂಗಿಗೆ ಸಹಿ ಹಾಕುತ್ತಾ, ನಿನ್ನ ಸರ್‌ನೇಮಿನ ಅರ್ಥ ಏನು ಎಂದು ಕೇಳಿದರು. ಊರಿನ ಹೆಸರು ಎಂದೆ. "ಅಷ್ಟೇನಾ?" ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಬೇಸರ ಇತ್ತು, ಪಾಪ ಇವನಿಗೆ ಹೇಳಿಕೊಳ್ಳಲಿಕ್ಕೆ ಏನೂ ಇಲ್ಲ ಅನ್ನುವ ಹಾಗೆ. ಆ "ಅಷ್ಟೇನಾ" ಇಡೀ ದಿನ ನನ್ನನ್ನು ಕೊರೆಯಿತು. ಉಚ್ಚೆಯಲ್ಲಿ ನಿಂತವನ ಮೊಮ್ಮಗ ಎದೆ ಉಬ್ಬಿಸಿ ಹೇಳಬಹುದಾದರೆ, ಇಡೀ ಊರಿನ ಮೈಲಿಗೆ ಕಳೆಯುವವಳ ಮಗ ನಾನು ಯಾಕೆ ಹೇಳಬಾರದು? ಸಂಜೆ ಸೀದಾ ಅಲ್ ಮುಂತಜಾಕ್ಕೆ ಹೋದೆ. ಹಗಲು ಕಂಡ ಬಾವಿಗೆ ಇರುಳು ಬಿದ್ದೆ.

"ಅಜ್ಜಿ, ನಾವು ಮಡಿವಾಳರು. ಬಟ್ಟೆ ನಾನು ಕೊಡ್ತೇನೆ" ಎಂದೆ.

ಅಜ್ಜಿ ಎರಡೂ ಕೈ ಮುಗಿದರು. ದೇವರೇ ಕಳಿಸಿದ ಎಂದರು. ಸರ್ವೇಯರು ಮಾತ್ರ ಟಿವಿಯ ಕಡೆ ತಿರುಗಿ ಸೌಂಡ್ ಕಡಿಮೆ ಮಾಡಿದರು, ಮತ್ತೆ ಜಾಸ್ತಿ ಮಾಡಿದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ದಡ್ಡ ನಾನು.

ಬಿಳಿ ಸೀರೆಯೊಂದನ್ನು ಕೊಂಡು, ಬಕೆಟ್ಟಿನಲ್ಲಿ ಕೈಯಾರೆ ಒಗೆದು, ಇಸ್ತ್ರಿ ಹಾಕಿ ಶುಕ್ರವಾರ ಬೆಳಿಗ್ಗೆ ಒಯ್ದೆ. ಇಸ್ತ್ರಿ ಹಾಕುವಾಗ ಅಮ್ಮನ ನೆನಪಾಗಿ ಹೆಮ್ಮೆಪಟ್ಟಿದ್ದೆ. ಬೆಲ್ ಒತ್ತಿದಾಗ ಅಜ್ಜಿ ಬಾಗಿಲು ಅರ್ಧ ತೆರೆದರು.

"ಅಲ್ಲೇ ಇರು ಮಗಾ. ಒಳಗೆ ಬರ್ಬೇಡ."

ಸಿಟ್ಟಿನಿಂದ ಹೇಳಿದ್ದಲ್ಲ. ಊರಲ್ಲಿ ಅಮ್ಮನಿಗೆ ಹೇಳುವ ಹಾಗೆಯೇ, ಪ್ರೀತಿಯಿಂದಲೇ. ಸೀರೆ ಒಳಗೆ ಹೋಯಿತು. ನಾನು ಲಿಫ್ಟಿನ ಪಕ್ಕ ನಿಂತೆ. ಒಳಗೆ ನೀರಿನ ಸದ್ದು, ಮಗುವಿನ ಅಳು, ಪಾಯಸದ ಪರಿಮಳ. ಎರಡು ವರ್ಷ ಬಡಿಸಿದ ಹೆಣ್ಣುಮಗಳು ಒಮ್ಮೆಯೂ ಹೊರಗೆ ಇಣುಕಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಹಲ್ಲು ಕಚ್ಚಿಕೊಂಡೆ.

ಅರ್ಧ ಗಂಟೆಯ ಮೇಲೆ ಅಜ್ಜಿ ಬಂದು ಹೊಸ್ತಿಲ ಹೊರಗೆ ಅಕ್ಕಿ, ತೆಂಗಿನಕಾಯಿ ಇಟ್ಟರು. ಪಕ್ಕದಲ್ಲಿ ಒಂದು ಗಂಟು ಇಟ್ಟರು. ಬಾಣಂತಿಯ ಮೈಲಿಗೆ ಬಟ್ಟೆ.

"ನಿನ್ನಮ್ಮನಿಗೆ ಒಳ್ಳೇದಾಗ್ಲಿ. ಇದನ್ನೂ ಒಗೆದು ತಾ."

ಅವರ ಹಿಂದೆ ಸರ್ವೇಯರು ನಿಂತಿದ್ದರು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು.

"ಆಫೀಸಿಗೇ ತಂದುಬಿಡು" ಎಂದರು. "ಇನ್ನು ಇಲ್ಲಿಗೆ ಬರ್ಲಿಕ್ಕೆ ಹೋಗ್ಬೇಡ."

ಗಂಟನ್ನು ಒದ್ದು ಹೋಗಬಹುದಿತ್ತು. ನಾನೇನು ಅವರ ಒಕ್ಕಲೇ? ಅವರಿಗೂ ನನಗೂ ಸಂಬಳ ಕೊಡುವ ಕಂಪನಿ ಒಂದೇ. ಆದರೆ ನಾನು ಬಗ್ಗಿದೆ. ಎರಡೂ ಕೈಯಲ್ಲಿ ಗಂಟು ಎತ್ತಿ ಕಂಕುಳಿಗೆ ಸೇರಿಸಿಕೊಂಡೆ. "ಆಯ್ತು ಧಣಿ" ಎಂದೆ. ಹಾಗೆ ಕರೆ ಎಂದು ಅವರು ಹೇಳಿರಲಿಲ್ಲ.