ಎಣ್ಣೆ ದೊರೆಯ ಪಾಪಕುರಾ ಶಿಷ್ಯ

ಅಂಗಡಿ ಅಂಕಲ್‌ರ ಕನ್ನಡಕದ ಒಂದು ಕಾಲು ಮುರಿದಿತ್ತು. ಈರುಳ್ಳಿ ಸೊಪ್ಪಿನ ಕಟ್ಟಿಗೆ ಬರುವ ಹಸಿರು ರಬ್ಬರ್ ಬ್ಯಾಂಡನ್ನು ಅದಕ್ಕೆ ಬಿಗಿದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮಾತಿನ ರಭಸಕ್ಕೆ ಅದು ಜಾರುವುದು, ಇವರು ಎಡಗೈಯಿಂದ ಏರಿಸುವುದು. ಬಲಗೈಯಲ್ಲಿ ಗಿರಾಕಿ ಕೊಂಡ ಬಿಸಿ ಪೈ, ಇಲ್ಲಿನವರ ಕಡುಬು. ಅಮೆರಿಕದ ಉಕ್ಕಿನ ದೊರೆ ಗಣಿಯಿಂದ ಹಿಡಿದು ಹಡಗಿನವರೆಗೆ ಎಲ್ಲವನ್ನೂ ಹೇಗೆ ಸ್ವಂತ ಮಾಡಿಕೊಂಡ ಎಂಬ ಕಥೆ ಮುಗಿಯುವ ತನಕ ಆ ಪೈ ಗಿರಾಕಿಯ ಕೈ ಸೇರುತ್ತಿರಲಿಲ್ಲ.

೨೦೧೩ರ ಸುಮಾರಿನ ಮಾತು. ನಾನು ಗದಗಿನಿಂದ ಕಡಲಾಚೆಯ ಈ ದೇಶಕ್ಕೆ ನರ್ಸ್ ಆಗಿ ಬಂದ ಹೊಸತು. ಪಾಪಕುರಾ ಸ್ಟೇಷನ್ನಿನ ಹತ್ತಿರ ಅವರ ಡೈರಿ. ಇಲ್ಲಿ ಮೂಲೆಯಂಗಡಿಗೆ ಹಾಗೆನ್ನುತ್ತಾರೆ. ಅದರ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅಂಕಲ್ ಹುಬ್ಬಳ್ಳಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಊರು ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ವಾರ್ಡಿನಲ್ಲಿ ನಿಂತು ನಿಂತು ಕಾಲು ಬಾತು ಬಂದವಳಿಗೆ ಆಂಟಿ ಚಹಾ ಕೊಟ್ಟರೆ, ಇವರು ಅಮೆರಿಕದ ಎಣ್ಣೆ ದೊರೆಯ ಕಥೆಯನ್ನು ಕೊಡುತ್ತಿದ್ದರು.

"ತಂಗಿ, ಎಣ್ಣಿ ತುಂಬೋ ಪೀಪಾಯಿ ಸುದ್ದಾ ಅಂವ ತಾನಽ ಮಾಡಸ್ತಿದ್ದ ನೋಡು!"

ಎಷ್ಟು ಸಲ ನೋಡುವುದು? ಆ ಪೀಪಾಯಿ ನನ್ನ ಕನಸಿನಲ್ಲಿ ಉರುಳತೊಡಗಿತ್ತು.

ಚಳಿಗಾಲದ ಬೆಳಗಿನ ಶಿಫ್ಟಿಗೆ ಕತ್ತಲಲ್ಲಿ ಒಬ್ಬಳೇ ಹೋಗಬಾರದೆಂದು ಸ್ಟೇಷನ್ನಿಗೆ ಜೊತೆ ಬರುತ್ತಿದ್ದರು. ದಾರಿಯುದ್ದಕ್ಕೂ ರೈಲು ದೊರೆಯ ಪ್ರತಾಪ. ಟ್ರೇನು ಬಂದರೂ ಮುಗಿಯದು. ಬಾಗಿಲು ಮುಚ್ಚಿದ ಮೇಲೂ ಗಾಜಿನಾಚೆ ಅವರ ತುಟಿ ಆಡುತ್ತಲೇ ಇರುತ್ತಿತ್ತು.

ಬರೀ ಹೇಳಿದ್ದರೆ ಸಹಿಸಬಹುದಿತ್ತು. ಮಾಡಿ ತೋರಿಸಲೂ ಹೊರಟರಲ್ಲ, ಅದು ತಾಪತ್ರಯ. ರಸ್ತೆಯ ಆ ಬದಿಗೆ ಗುಜರಾತಿ ಭಾಯಿಯದೂ ಒಂದು ಡೈರಿ. ಅಷ್ಟು ಸಣ್ಣ ಬೀದಿಯಲ್ಲಿ ಎರಡು ಅಂಗಡಿ ನಡೆಯುವುದು ಕಷ್ಟ, ಒಂದಲ್ಲ ಒಂದು ದಿನ ಯಾವುದಾದರೂ ಮುಚ್ಚಲೇಬೇಕು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಮನೆ ಮಾರಿದ ದುಡ್ಡಿನಲ್ಲಿ ಹಾಕಿದ ಅಂಗಡಿ; ಆಂಟಿಗೆ ಅದೇ ಚಿಂತೆ. ಅಂಕಲ್‌ಗೆ ಯಾವ ಚಿಂತೆಯೂ ಇಲ್ಲ.

"ಎಣ್ಣಿ ದೊರಿ ಏನ್ ಮಾಡಿದ? ರೇಟ್ ಇಳಿಸಿದ. ಎದುರಿನವ್ರು ತಡಕೊಳ್ಳಲಾರದ ತಾವಽ ಬಂದು ಅಂಗಡಿ ಒಪ್ಪಿಸಿದ್ರು."

"ಅಂವನ ಮಾತು ಕೇಳಿ ರೈಲಿನವ್ರೂ ಬಾಡಿಗಿ ಇಳಸ್ತಿದ್ರು ಅಂಕಲ್. ನಿಮ್ಮ ಮಾತು ಮನ್ಯಾಗ ಆಂಟೀನಽ ಕೇಳಂಗಿಲ್ರಿ" ಎಂದೆ.

ಕೋಣನ ಮುಂದೆ ಕಿನ್ನರಿ. ಹಾಲನ್ನು ತಂದ ಬೆಲೆಗಿಂತ ಕಡಿಮೆಗೆ ಮಾರತೊಡಗಿದರು. ಫ್ರಿಜ್ ತುಂಬಿಸುವುದೇ ತಡ, ಖಾಲಿ. ಅಂಕಲ್ ಮುಖದಲ್ಲಿ ದೀಪಾವಳಿ. ಒಂದು ಸಂಜೆ ನಮ್ಮಲ್ಲಿ ಬ್ರೆಡ್ ಮುಗಿದಿತ್ತೆಂದು ನಾನು ಎದುರಂಗಡಿಗೆ ಹೋದೆ. ಅಲ್ಲಿನ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿದ್ದವು ನಮ್ಮ ಹಾಲಿನ ಬಾಟಲಿಗಳು! ಅಂಕಲ್ ಅಂಟಿಸಿದ್ದ ಬೆಲೆಚೀಟಿಯ ಮೇಲೆ ಭಾಯಿಯ ಬೆಲೆಚೀಟಿ. ಅವನ ಭಾಮೈದ, ಅಳಿಯ, ಷಡ್ಡಕ ಎಲ್ಲ ಸರದಿಯ ಮೇಲೆ ಬಂದು ನಮ್ಮಲ್ಲಿ ಹಾಲು ಕೊಂಡು ಅಲ್ಲಿ ಇಳಿಸುತ್ತಿದ್ದರು.

ಓಡಿ ಬಂದು ಹೇಳಿದೆ. ಆಂಟಿ ತಲೆಯ ಮೇಲೆ ಕೈಹೊತ್ತು ಕುಳಿತರು. ಅಂಕಲ್ ಕನ್ನಡಕ ಏರಿಸಿ, "ಶಹಬ್ಬಾಸ್! ಭಾಯಿಗೂ ತಲಿ ಅದ ಅಂದಂಗಾತು" ಎಂದರು. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಂಟಿ ಅತ್ತ ಮೇಲೆ ಬೆಲೆ ಒಂದಿಷ್ಟು ಏರಿತು. ಆದರೂ ಭಾಯಿಗಿಂತ ಕೂದಲೆಳೆಯಷ್ಟಾದರೂ ಕಡಿಮೆಯೇ ಇರಬೇಕೆಂಬ ಹಠ ಹೋಗಲಿಲ್ಲ. "ಇವತ್ತಿಲ್ಲ ನಾಳೆ ಅವನ ಅಂಗಡಿ ನಂದಽ" ಎನ್ನುತ್ತಿದ್ದರು.

ನಾನು ಮದುವೆಯಾಗಿ ಬಾಟನಿ ಡೌನ್ಸ್ ಬಡಾವಣೆಗೆ ಹೋದ ಕೆಲವು ವರ್ಷಕ್ಕೆ ಅಂಕಲ್‌ಗೆ ಹೃದಯಾಘಾತವಾಯಿತು. ತಂದು ಮಲಗಿಸಿದ್ದು ನಮ್ಮ ವಾರ್ಡಿನಲ್ಲೇ. ಆಂಟಿ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ; ಅಂಗಡಿಗೆ ಬೀಗ. ಆಂಟಿಯ ಬಟ್ಟೆ ತರಲು ನಾನು ಹೋದಾಗ ನೋಡಿದರೆ ಬಾಗಿಲು ತೆರೆದಿದೆ, ಗಲ್ಲಾದ ಹಿಂದೆ ಭಾಯಿ ಕುಳಿತಿದ್ದಾನೆ. ಆಂಟಿಯಿಂದ ಕೀಲಿ ಕೇಳಿ ತಂದಿದ್ದನಂತೆ. ಅವನ ಅಂಗಡಿಯನ್ನು ಹೆಂಡತಿ ನೋಡಿಕೊಳ್ಳುತ್ತಿದ್ದಳು.

ಆಸ್ಪತ್ರೆಗೆ ಬಂದು ಅಂಕಲ್‌ಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಹಾಲಿನ ರೇಟ್ ಏನಿಟ್ಟಾನ?"

"ನಿಮ್ದಽ ರೀ. ಅವರ ಅಂಗಡಿಗಿಂತ ಕಡಿಮಿ. ಯಾಕಂತ ಕೇಳಿದೆ. ಈ ಅಂಗಡೀ ರೇಟ್ ಇದಽ ಅಲ್ಲೇನು ಅಂದ್ರು."

ಅಂಕಲ್ ಸಿಡುಕಿದರು. "ಹುಚ್ಚಪ್ಯಾಲಿ! ಇಂಥಾ ಹೊತ್ತಿನ್ಯಾಗ ನುಂಗಬೇಕೋ ಬ್ಯಾಡೋ? ವ್ಯಾಪಾರಽ ತಿಳ್ಯಂಗಿಲ್ಲ ಅವಗ" ಎನ್ನುತ್ತ ಕನ್ನಡಕ ತೆಗೆಯಲು ಹೋದರು. ರಬ್ಬರ್ ಬ್ಯಾಂಡ್ ಕಿವಿಗೆ ಸಿಕ್ಕಿಕೊಂಡಿತು. ನಾನೇ ಬಿಡಿಸಿ, ಅವರ ಕಣ್ಣೊರೆಸಿದೆ.

ಆ ವಾರವೇ ಹೋದರು. ಬೀದಿಯಲ್ಲಿ ಯಾವ ಅಂಗಡಿಯೂ ಮುಚ್ಚಲಿಲ್ಲ. ಆಂಟಿ ಗಲ್ಲಾದಲ್ಲಿ ಕೂರುತ್ತಾರೆ, ಭಾಯಿಯ ವ್ಯಾನಿನಲ್ಲಿ ಎರಡೂ ಅಂಗಡಿಯ ಮಾಲು ಒಟ್ಟಿಗೆ ಬರುತ್ತದೆ. ಅಂಕಲ್ ಇದ್ದಿದ್ದರೆ, "ನೋಡಿದ್ಯಾ ತಂಗಿ, ಕಡೀಕ ಎರಡೂ ಒಂದಾದ್ವಿಲ್ಲೋ" ಎಂದು ಗೆದ್ದವರ ಹಾಗೆ ಬೆರಳೆತ್ತುತ್ತಿದ್ದರು, ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಪಾಪಕುರಾ ಸ್ಟೇಷನ್ನಿನಲ್ಲಿ ಟ್ರೇನಿನ ಬಾಗಿಲು ಮುಚ್ಚಿದಾಗಲೆಲ್ಲ ಈಗಲೂ ಗಾಜಿನಾಚೆ ನೋಡುತ್ತೇನೆ. ಅಷ್ಟು ಕೊರೆದವರು, ರೈಲು ದೊರೆಯ ಕಥೆಯನ್ನು ಒಂದು ಸಲವಾದರೂ ಪೂರ್ತಿ ಹೇಳಿ ಹೋಗಬಾರದಿತ್ತೇ?